ಸನ್ನೆ, ಟೈರು ಮತ್ತು ರಿಮ್ಮು: ಪಂಕ್ಚರ್ ಅಂಗಡಿಯಲ್ಲಿ ಒಂದು ಭೌತಶಾಸ್ತ್ರ ಪಾಠ



ಸನ್ನೆಯ ತತ್ವವನ್ನು ಹೇಳಿಕೊಡುವಾಗ ನಾನು ಪ್ರತಿವರ್ಷ ಕತ್ತರಿ, ಅಡಕತ್ತರಿ, ತಕ್ಕಡಿಗಳ ಉದಾಹರಣೆ ಕೊಡುತ್ತಿದ್ದೆ. ಈ ವರ್ಷ ಅದಕ್ಕೆ ಟೈರ್ ಲಿವರನ್ನೂ ಸೇರಿಸಿಕೊಂಡಿದ್ದೇನೆ. ಇದನ್ನು ಕಲಿಸಿದ್ದು ನನ್ನದೇ ಬೈಕಿನ ಹಿಂದಿನ ಚಕ್ರ.

ಕಳೆದ ಮಳೆಗಾಲದ ಮೊದಲು ಬೈಕಿಗೆ ಹೊಸ ಟ್ಯೂಬ್‌ಲೆಸ್ ಟೈರ್ ಹಾಕಿಸಿದೆ. ಕಾಲೇಜಿಗೆ ಹೊತ್ತಾಗಿತ್ತು, ಅವಸರದಲ್ಲಿದ್ದೆ. ಅಂಗಡಿಯ ಹುಡುಗ ಟೈರಿನ ಅಂಚಿಗೆ ಸುತ್ತಿಗೆಯಿಂದ ನಾಲ್ಕು ಏಟು ಹಾಕಿದ. ಆಮೇಲೆ ಕಬ್ಬಿಣದ ಲಿವರನ್ನು ನೇರವಾಗಿ ಅಲಾಯ್ ರಿಮ್ಮಿನ ಮೇಲೆ ಊರಿ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಕಿರ್ರ್ ಎಂಬ ಸದ್ದು ಕೇಳಿಸಿತು. ನಾನು ಮೊಬೈಲ್ ನೋಡುತ್ತಾ ನಿಂತಿದ್ದೆ.

ಅಂದಿನಿಂದ ನಾಲ್ಕೈದು ದಿನಕ್ಕೊಮ್ಮೆ ಗಾಳಿ ಇಳಿಯತೊಡಗಿತು. ಮೂರು ಕಡೆ ತೋರಿಸಿದೆ, ಎಲ್ಲರೂ ಪಂಕ್ಚರ್ ಇಲ್ಲ ಎಂದರು. ಗಾಳಿ ಹೊಡೆಸಿಕೊಂಡು ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ಮಗಳನ್ನು ಹಿಂದೆ ಕೂರಿಸಿಕೊಂಡು ಮಾಗಡಿ ರಸ್ತೆಯ ಟೋಲ್‌ಗೇಟ್ ಬಳಿ ತಿರುಗುವಾಗ ಹಿಂದಿನ ಚಕ್ರ ಪಕ್ಕಕ್ಕೆ ಜಾರಿದಂತಾಯಿತು. ಹೇಗೋ ಕಾಲು ಕೊಟ್ಟು ನಿಲ್ಲಿಸಿದೆ. ಹಿಂದಿನಿಂದ ಬರುತ್ತಿದ್ದ ಬಸ್ಸಿನ ಚಾಲಕರು ಬ್ರೇಕ್ ಹಾಕಿದ್ದರಿಂದ ಇಂದು ಇದನ್ನು ಬರೆಯುತ್ತಿದ್ದೇನೆ.

ಬೈಕನ್ನು ತಳ್ಳಿಕೊಂಡು ವಿಜಯನಗರದ ಒಂದು ಸಣ್ಣ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ಟೈರಿನ ಮಧ್ಯಭಾಗವನ್ನು ಮುಟ್ಟಲೇ ಇಲ್ಲ. ರಿಮ್ಮಿನ ಸುತ್ತ ಸೋಪಿನ ನೊರೆ ಸವರಿದರು. ಒಂದು ಕಡೆ ಸಣ್ಣಗೆ ಗುಳ್ಳೆ ಎದ್ದಿತು. “ಸರ್, ಪಂಕ್ಚರ್ ಟೈರಿನಲ್ಲಿಲ್ಲ, ರಿಮ್ಮಿನಲ್ಲಿದೆ” ಎಂದರು. ಟೈರ್ ಬಿಚ್ಚಿ ತೋರಿಸಿದಾಗ ಅಲ್ಲಿ ಲಿವರಿನ ಗುರುತು ಉಗುರಿನಿಂದ ಗೀಚಿದ ಹಾಗೆ ಸ್ಪಷ್ಟವಾಗಿತ್ತು.

ಟೈರು ರಿಮ್ಮಿಗೆ ಹಿಡಿದುಕೊಳ್ಳುವುದು ಹೇಗೆ?

ಟೈರಿನ ಒಳ ಅಂಚಿನ ದಪ್ಪ ಭಾಗಕ್ಕೆ ‘ಬೀಡ್’ ಎನ್ನುತ್ತಾರೆ. ಅದರೊಳಗೆ ಉಕ್ಕಿನ ತಂತಿಗಳ ಬಳೆ ಇರುತ್ತದೆ. ರಬ್ಬರ್ ಹಿಗ್ಗುತ್ತದೆ, ಆದರೆ ಈ ಬಳೆ ಹಿಗ್ಗುವುದಿಲ್ಲ. ಗಾಳಿಯ ಒತ್ತಡ ಬೀಡನ್ನು ರಿಮ್ಮಿನ ಅಂಚಿಗೆ ಒತ್ತಿ ಹಿಡಿಯುತ್ತದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯನ್ನು ತಡೆಯುವ ಮುಚ್ಚಳವೂ ಇದೇ ಜಾಗ. ಆದ್ದರಿಂದ ರಿಮ್ಮಿನ ಹೊರ ತುದಿಯಲ್ಲಿ ಗೀರು ಬಿದ್ದರೆ ಅಂದ ಕೆಡಬಹುದು, ಬೀಡ್ ಕೂರುವ ಜಾಗದಲ್ಲಿ ಗೀರು ಬಿದ್ದರೆ ಗಾಳಿ ಸೋರುತ್ತದೆ.

ಹಿಗ್ಗದ ಬಳೆಯನ್ನು ಅದಕ್ಕಿಂತ ದೊಡ್ಡದಾದ ರಿಮ್ಮಿನ ಅಂಚು ದಾಟಿಸುವುದು ಹೇಗೆ? ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇರುವುದನ್ನು ನೋಡಿರಬಹುದು. ಉತ್ತರ ಅಲ್ಲಿದೆ.

ಲೆಕ್ಕ ಮಾಡೋಣ. 17 ಇಂಚಿನ ರಿಮ್ಮಿನಲ್ಲಿ ಬೀಡ್ ಕೂರುವ ಜಾಗದ ವ್ಯಾಸ ಸುಮಾರು 43.2 ಸೆಂ.ಮೀ., ಅಂದರೆ ತ್ರಿಜ್ಯ 21.6 ಸೆಂ.ಮೀ. ರಿಮ್ಮಿನ ಅಂಚು ಅದಕ್ಕಿಂತ 1.4 ಸೆಂ.ಮೀ. ಎತ್ತರ, ನಡುವಿನ ತಗ್ಗು 1.5 ಸೆಂ.ಮೀ. ಆಳ ಎಂದಿಟ್ಟುಕೊಳ್ಳಿ.

ಬೀಡ್ ಒಂದು ಕಡೆ ತನ್ನ ಜಾಗದಲ್ಲೇ ಕೂತಿದ್ದರೆ, ಎದುರು ಕಡೆಯ ಅಂಚನ್ನು ದಾಟಲು ಬೇಕಾದ ಅಗಲ: 21.6 + 23.0 = 44.6 ಸೆಂ.ಮೀ. ಬಳೆಯ ವ್ಯಾಸ 43.2 ಮಾತ್ರ. 1.4 ಸೆಂ.ಮೀ. ಸಾಲದು. ಎಷ್ಟು ಬಲ ಹಾಕಿದರೂ ಬರುವುದಿಲ್ಲ. ಬಂದರೆ ಬೀಡಿನ ತಂತಿ ತುಂಡಾಗಬೇಕು, ಇಲ್ಲವೇ ರಿಮ್ ಬಾಗಬೇಕು.

ಅದೇ ಬೀಡನ್ನು ಒಂದು ಕಡೆ ತಗ್ಗಿಗೆ ಇಳಿಸಿದರೆ: 20.1 + 23.0 = 43.1 ಸೆಂ.ಮೀ. ಬಳೆ ಈಗ ದಾಟುತ್ತದೆ!

ಕೆಲಸ ಬಲ್ಲವರು ಲಿವರ್ ಹಾಕುವ ಜಾಗಕ್ಕೆ ನೇರ ಎದುರಿನ ಬದಿಯನ್ನು ಮಂಡಿಯಿಂದ ಅದುಮಿ ತಗ್ಗಿಗೆ ಇಳಿಸುವುದು ಇದಕ್ಕಾಗಿಯೇ. ಟೈರು ಬಿಗಿಯಾಗಿದೆ ಎನಿಸಿದಾಗ ಬಲ ಹೆಚ್ಚಿಸಬೇಡಿ, ಎದುರು ಬದಿ ತಗ್ಗಿನಲ್ಲಿದೆಯೇ ನೋಡಿ.

ಸನ್ನೆ ಕೊಡುವುದು, ಸನ್ನೆ ಕೀಳುವುದು

30 ಸೆಂ.ಮೀ. ಲಿವರಿನ ತುದಿಯಿಂದ 2 ಸೆಂ.ಮೀ. ದೂರದಲ್ಲಿ ರಿಮ್ಮಿನ ಅಂಚು ಆಧಾರಬಿಂದುವಾಗಿದೆ ಎನ್ನೋಣ. ಬಲದ ತೋಳು 28, ಭಾರದ ತೋಳು 2. ಯಾಂತ್ರಿಕ ಲಾಭ 14. ಕೈಯಿಂದ 150 ನ್ಯೂಟನ್ ಹಾಕಿದರೆ ಬೀಡಿನ ಮೇಲೆ 2100 ನ್ಯೂಟನ್ ಬೀಳುತ್ತದೆ.

ಪರೀಕ್ಷೆಯಲ್ಲಿ ನಾವು ಇಲ್ಲಿಗೆ ನಿಲ್ಲಿಸುತ್ತೇವೆ. ಆಧಾರಬಿಂದುವಿನ ಮೇಲೆ ಎಷ್ಟು ಬಲ ಬಿತ್ತು ಎಂದು ಯಾರೂ ಕೇಳುವುದಿಲ್ಲ. ಎರಡೂ ಸೇರಿ 2250 ನ್ಯೂಟನ್! ಅದನ್ನು ಹೊರುವುದು ಪಾಪ ರಿಮ್ಮು. ಲಿವರಿನ ಚೂಪು ಅಂಚು 2 ಚದರ ಮಿ.ಮೀ. ಜಾಗವನ್ನಷ್ಟೇ ಮುಟ್ಟಿದರೆ ಅಲ್ಲಿನ ಒತ್ತಡ ಪ್ರತಿ ಚದರ ಮಿ.ಮೀ.ಗೆ 1125 ನ್ಯೂಟನ್. ಅಲಾಯ್ ಚಕ್ರದ ಅಲ್ಯೂಮಿನಿಯಂ ಉಕ್ಕಿಗಿಂತ ಬಹಳ ಮೆದು. ಅಷ್ಟು ಒತ್ತಡಕ್ಕೆ ಅದು ಗುಳಿ ಬೀಳುತ್ತದೆ.

ರಿಮ್ಮಿಗೂ ಲಿವರಿಗೂ ನಡುವೆ ಪ್ಲಾಸ್ಟಿಕ್ ಗಾರ್ಡ್ ಇಟ್ಟು ಅದೇ ಬಲವನ್ನು 200 ಚದರ ಮಿ.ಮೀ.ಗೆ ಹರಡಿದರೆ ಒತ್ತಡ ಪ್ರತಿ ಚದರ ಮಿ.ಮೀ.ಗೆ ಸುಮಾರು 11 ನ್ಯೂಟನ್‌ಗೆ ಇಳಿಯುತ್ತದೆ. ಗಾರ್ಡ್ ಇಲ್ಲದಿದ್ದರೆ ಹಳೆಯ ಟ್ಯೂಬಿನ ದಪ್ಪ ತುಂಡನ್ನು ಮಡಚಿ ಇಟ್ಟರೂ ಬರಿಗಬ್ಬಿಣಕ್ಕಿಂತ ವಾಸಿ.

ಕೆಲಸದ ಕ್ರಮ

1. ವಾಲ್ವಿನ ಒಳಗಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು. ಸ್ವಲ್ಪ ಗಾಳಿ ಉಳಿದರೂ ಬೀಡ್ ಸಡಿಲವಾಗುವುದಿಲ್ಲ.

2. ಬಿಚ್ಚಿದ ಚಕ್ರವನ್ನು ನೆಲದ ಮೇಲೆ ಹಾಗೇ ಮಲಗಿಸಬಾರದು. ಹಳೆಯ ಟೈರಿನ ಮೇಲೆ ಮಲಗಿಸಬೇಕು. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕಿನ ಮೇಲೆ ಭಾರ ಬೀಳಬಾರದು, ಬಾಗಿದರೆ ಬ್ರೇಕ್ ಹಿಡಿದಾಗ ನಡುಗುತ್ತದೆ.

3. ಬೀಡನ್ನು ಎರಡೂ ಬದಿಯಲ್ಲಿ ಒತ್ತಿ ಬಿಡಿಸಬೇಕು. ಸುತ್ತಿಗೆಯ ಏಟು ಗುರಿ ತಪ್ಪಿದರೆ ಬೀಳುವುದು ರಿಮ್ಮಿಗೆ.

4. ಬೀಡಿಗೂ ರಿಮ್ಮಿಗೂ ಸೋಪು ನೀರು ಧಾರಾಳವಾಗಿ ಸವರಬೇಕು. ಎಂಜಿನ್ ಆಯಿಲ್, ಗ್ರೀಸ್ ಬೇಡ. ಅವು ರಬ್ಬರನ್ನು ಕೆಡಿಸುತ್ತವೆ. ಹೊಸ ಟೈರನ್ನು ಸ್ವಲ್ಪ ಹೊತ್ತು ಬಿಸಿಲಿಗಿಟ್ಟರೆ ಮೆತ್ತಗಾಗುತ್ತದೆ.

5. ಲಿವರಿನಿಂದ ಒಂದು ಸಲಕ್ಕೆ ಮೂರು ನಾಲ್ಕು ಸೆಂ.ಮೀ. ಮಾತ್ರ ಎತ್ತಬೇಕು. ದೊಡ್ಡ ತುತ್ತು ಗಂಟಲಿಗೆ ಸಿಕ್ಕುವಂತೆ ಇಲ್ಲೂ ಸಿಕ್ಕಿಕೊಳ್ಳುತ್ತದೆ.

6. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಅದರಂತೆ ಹಾಕಬೇಕು. ಟ್ಯೂಬ್‌ಲೆಸ್ ಆದರೆ ವಾಲ್ವನ್ನೂ ಹೊಸದಾಗಿ ಹಾಕಿಸುವುದು ಒಳ್ಳೆಯದು.

7. ಗಾಳಿ ತುಂಬಿಸುವಾಗ ಬೀಡ್ ‘ಟಪ್’ ಎಂದು ಕೂರುತ್ತದೆ. ಆಗ ಬೆರಳು ಹತ್ತಿರ ಇರಬಾರದು. ಟೈರಿನ ಮೇಲೆ ಮುದ್ರಿಸಿದ ಗರಿಷ್ಠ ಒತ್ತಡ ಮೀರಬಾರದು. ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಸೋಪು ನೀರು ಹಾಕಬೇಕು. ರಿಮ್ಮಿನ ಪಕ್ಕದಲ್ಲಿ ಟೈರಿನ ಮೇಲೆ ಕಾಣುವ ತೆಳು ಗೆರೆ ಸುತ್ತಲೂ ಒಂದೇ ಅಂತರದಲ್ಲಿದ್ದರೆ ಸರಿಯಾಗಿ ಕೂತಿದೆ ಎಂದರ್ಥ. ನಂತರ ಕಂಪನಿ ಹೇಳಿದ ಒತ್ತಡಕ್ಕೆ ಇಳಿಸಬೇಕು.

8. ಚಕ್ರ ಜೋಡಿಸಿದ ಮೇಲೆ ಹೊರಡುವ ಮೊದಲು ಬ್ರೇಕನ್ನು ಹಲವು ಸಲ ಒತ್ತಿ, ಹಿಡಿತ ಬಂದಿದೆಯೇ ನೋಡಬೇಕು. ಡಿಸ್ಕ್ ಬ್ರೇಕಿನಲ್ಲಿ ಮೊದಲ ಒತ್ತಿಗೆ ಹಿಡಿಯದೇ ಹೋಗಬಹುದು. ಹೊಸ ಟೈರಿನಲ್ಲಿ ಮೊದಲ ಸುಮಾರು 100 ಕಿ.ಮೀ. ನಿಧಾನ, ಮಳೆಯಲ್ಲಿ ಇನ್ನೂ ನಿಧಾನ.

ಅಂಗಡಿಯಲ್ಲಿ ನಾವು ಮಾಡಬೇಕಾದ್ದು

ನಿಮ್ಮಲ್ಲಿ ಬಹಳ ಮಂದಿಗೆ ಇನ್ನೂ 18 ತುಂಬಿಲ್ಲ. ಗೇರ್ ಇರುವ ಬೈಕ್ ಓಡಿಸಲು ನಿಮಗೆ ಲೈಸೆನ್ಸ್ ಇಲ್ಲ. ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಪೋಷಕರೇ ಹೊಣೆ. ಆದರೆ ಅಬ್ಬಾ ಅಥವಾ ಅಣ್ಣನ ಜೊತೆ ಅಂಗಡಿಗೆ ಹೋಗಲು ಲೈಸೆನ್ಸ್ ಬೇಡ. ಹೋದಾಗ ಹೀಗೆ ಕೇಳಿ: “ಭಾಯ್, ಇದು ಅಲಾಯ್ ರಿಮ್. ಪ್ಲಾಸ್ಟಿಕ್ ಗಾರ್ಡ್ ಹಾಕ್ತೀರಾ?” ಮೆಷಿನ್ ಇದ್ದರೆ ರಿಮ್ ಹಿಡಿಯುವ ಕ್ಲ್ಯಾಂಪಿಗೂ ಟೈರ್ ಎತ್ತುವ ತಲೆಗೂ ಪ್ಲಾಸ್ಟಿಕ್ ಹೊದಿಕೆ ಇದೆಯೇ ನೋಡಿ. ಕೆಲಸ ಆರಂಭವಾಗುವ ಮೊದಲು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಗೀರು ಬಿದ್ದ ಮೇಲೆ ಕೇಳಿದರೆ ಜಗಳ. ಹಳೆಯ ಟೈರ್ ತೆಗೆದಾಗ ರಿಮ್ಮಿನ ಫೋಟೊ ತೆಗೆದಿಟ್ಟುಕೊಳ್ಳುವುದೂ ಒಳ್ಳೆಯದು.

ಬಿಸಿಲಲ್ಲಿ ಕೂತು ದುಡಿಯುವವರನ್ನು ಅವಸರ ಮಾಡಬೇಡಿ. ಆ ದಿನ ಹುಡುಗನ ಕೈಯಲ್ಲಿ ಗಾರ್ಡ್ ಇರಲಿಲ್ಲ ನಿಜ, ಆದರೆ “ಬೇಗ ಆಗಲಿ” ಎಂದು ಎರಡು ಸಲ ಹೇಳಿದವನು ನಾನು.

ಗೀರು ಬಿದ್ದಾಗಿದೆ, ಈಗೇನು?

ಅಂಚಿನ ಸಣ್ಣ ಮುಳ್ಳನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಸಮ ಮಾಡಬಹುದು. ಬೀಡ್ ಕೂರುವ ಜಾಗದ ಸಣ್ಣ ಗೀರನ್ನು ಸ್ವಚ್ಛಗೊಳಿಸಿ, ಅದಕ್ಕೆಂದೇ ಸಿಗುವ ಬೀಡ್ ಸೀಲರ್ ಹಚ್ಚಿದರೆ ಸೋರಿಕೆ ನಿಲ್ಲಬಹುದು. ಆದರೆ ಅಲಾಯ್ ರಿಮ್ಮಿನಲ್ಲಿ ಬಿರುಕು ಕಂಡರೆ ಸುತ್ತಿಗೆ, ವೆಲ್ಡಿಂಗ್ ಎಂದು ಹೋಗಬೇಡಿ. ಚಕ್ರ ಬದಲಿಸುವುದೊಂದೇ ದಾರಿ. ನನ್ನ ಗೀರು ಆಳವಾಗಿರಲಿಲ್ಲ. ವಿಜಯನಗರದ ಹಿರಿಯರು ಅರ್ಧ ಗಂಟೆ ಕೂತು ಉಜ್ಜಿ ಸರಿಪಡಿಸಿದರು. ಈಗ ಗಾಳಿ ಇಳಿಯುತ್ತಿಲ್ಲ. ಆದರೂ ಪ್ರತಿ ಸೋಮವಾರ ಒತ್ತಡ ನೋಡಿಸುತ್ತೇನೆ. ಮಗಳೇ ನೆನಪಿಸುತ್ತಾಳೆ.

ಯೋಚಿಸಿ, ಉತ್ತರಿಸಿ

1. ಮೇಲಿನ ಲಿವರಿನ ಉದ್ದವನ್ನು 45 ಸೆಂ.ಮೀ.ಗೆ ಹೆಚ್ಚಿಸಿ, ಕೈಬಲ 150 ನ್ಯೂಟನ್ ಆಗಿಯೇ ಉಳಿದರೆ ರಿಮ್ಮಿನ ಮೇಲೆ ಬೀಳುವ ಬಲವೆಷ್ಟು? ಉದ್ದ ಲಿವರ್ ಅಪಾಯಕಾರಿ ಏಕೆ?

2. ರಿಮ್ಮಿನ ತಗ್ಗು 1 ಸೆಂ.ಮೀ. ಮಾತ್ರ ಆಳವಿದ್ದರೆ ಬೀಡ್ ಅಂಚನ್ನು ದಾಟಬಲ್ಲದೇ? ಲೆಕ್ಕ ಮಾಡಿ ತೋರಿಸಿ.

3. ಗಾರ್ಡ್ ಹಾಕಿದಾಗ ಬಲ ಕಡಿಮೆಯಾಗುತ್ತದೆಯೇ, ಒತ್ತಡ ಕಡಿಮೆಯಾಗುತ್ತದೆಯೇ? ವ್ಯತ್ಯಾಸ ವಿವರಿಸಿ.

ಉತ್ತರ ಬರೆದು ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ತಂದು ತೋರಿಸಿ. ನಿಮ್ಮ ಮನೆಯ ಬೈಕಿನ ಟೈರ್ ಮೇಲಿನ ಅಂಕಿಗಳನ್ನೂ ಬರೆದು ತನ್ನಿ. ಅವುಗಳನ್ನು ಓದುವುದು ಹೇಗೆ ಎಂಬುದು ಮುಂದಿನ ಪಾಠ.