ಉದರದ ಗಾಯವೂ ಅದರ ಸಂಕೇತವೂ

ಹೊಟ್ಟೆಯ ಮೇಲಾದ ಗಾಯದ ಅಪಾಯವನ್ನು ಅದರ ಹೊರಬಾಯಿಯ ಗಾತ್ರದಿಂದ ಅಳೆಯಲಾಗದು. ಉದರದ ಗೋಡೆಯಲ್ಲಿ ಚರ್ಮ, ಕೊಬ್ಬು, ಸ್ನಾಯು, ಇವೆಲ್ಲದರ ಹಿಂದೆ ಪೆರಿಟೋನಿಯಂ ಎಂಬ ತೆಳುವಾದ ಒಳಪೊರೆ, ಹೀಗೆ ಹಲವು ಪದರಗಳುಂಟು. ಗೇಣುದ್ದದ ಸೀಳುಗಾಯವೊಂದು ಸ್ನಾಯುವಿನಲ್ಲಿಯೇ ನಿಂತುಬಿಡಬಹುದು. ಬೆರಳಗಲದ ಇರಿಗಾಯ ಒಳಪೊರೆಯನ್ನು ದಾಟಿ ಕರುಳನ್ನು ತೂತು ಮಾಡಬಹುದು. ಆಗ ಕರುಳಿನೊಳಗಿನ ಮಲಿನವು ಉದರದಲ್ಲಿ ಹರಡಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಇಷ್ಟು ಮುಖ್ಯವಾದ ಭೇದವು ಆಸ್ಪತ್ರೆಯ ದಾಖಲೆಯಲ್ಲಿ ಹೇಗೆ ಉಳಿಯುತ್ತದೆ ಎಂಬುದನ್ನು ನೋಡೋಣ.

ಒಂದೇ ಗಾಯಕ್ಕೆ ಊರಿಗೊಂದು ಹೆಸರಿದ್ದರೆ ಲೆಕ್ಕಗಳನ್ನು ಹೋಲಿಸುವುದು ಅಸಾಧ್ಯ. ಈ ಕೊರತೆಯನ್ನು ನೀಗಲು ಫ್ರಾನ್ಸಿನ ಸಂಖ್ಯಾಶಾಸ್ತ್ರಜ್ಞ ಜಾಕ್ ಬರ್ತಿಯೋಂ ೧೮೯೩ರಲ್ಲಿ ಮರಣಕಾರಣಗಳ ಪಟ್ಟಿಯೊಂದನ್ನು ಮಂಡಿಸಿದನು. ೧೯೪೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದರ ಹೊಣೆ ಹೊತ್ತು, ಸಾವಿಗೆ ಕಾರಣವಾಗದ ರೋಗ ಗಾಯಗಳನ್ನೂ ಅದರಲ್ಲಿ ಸೇರಿಸಿತು. ಅದರ ಹನ್ನೊಂದನೆಯ ಪರಿಷ್ಕರಣವು ೨೦೨೨ರಲ್ಲಿ ಜಾರಿಗೆ ಬಂದಿದೆ. ಹತ್ತನೆಯದರ ವಿಸ್ತೃತ ರೂಪವೊಂದನ್ನು ಅಮೆರಿಕದ ಆಸ್ಪತ್ರೆಗಳು ೨೦೧೫ರ ಅಕ್ಟೋಬರ್ ೧ರಿಂದ ಬಳಸುತ್ತಿವೆ. ನಮ್ಮ ಉದಾಹರಣೆಯನ್ನು ಅದರಿಂದಲೇ ಆರಿಸಿಕೊಳ್ಳೋಣ.

'ಎಸ್ ೩೧.೧೧೩ಎ' ಎಂಬ ಸಂಕೇತವನ್ನು ಬಿಡಿಸಿ ಓದೋಣ. 'ಎಸ್ ೩೧' ಎಂದರೆ ಉದರ, ಕೆಳಬೆನ್ನು, ಕಟಿಭಾಗಗಳ ತೆರೆದ ಗಾಯ. ಚುಕ್ಕಿಯ ಮುಂದಿನ '೧' ಉದರದ ಗೋಡೆಯನ್ನೂ, ಗಾಯವು ಒಳಪೊರೆಯನ್ನು ದಾಟಿಲ್ಲವೆಂಬುದನ್ನೂ ಸೂಚಿಸುತ್ತದೆ. ಅನಂತರದ '೧' ಎಂದರೆ ಹೊರಗಿನ ವಸ್ತು ಉಳಿದಿರದ ಸೀಳುಗಾಯ. '೩' ಎಂದರೆ ಹೊಟ್ಟೆಯ ಬಲ ಕೆಳಭಾಗ. ಕೊನೆಯ 'ಎ' ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಎನ್ನುತ್ತದೆ. ಗಾಯ ಮಾಯುವ ಕಾಲದ ಆರೈಕೆಗೆ 'ಡಿ', ಮುಂದೆ ಉಳಿದ ಪರಿಣಾಮಕ್ಕೆ 'ಎಸ್' ಎಂಬ ಅಕ್ಷರಗಳಿವೆ. ಇದೇ ಗಾಯ ಒಳಪೊರೆಯನ್ನು ದಾಟಿದ್ದರೆ ಸಂಕೇತವು 'ಎಸ್ ೩೧.೬೧೩ಎ' ಆಗುತ್ತದೆ. ಬದಲಾದದ್ದು ಒಂದೇ ಅಂಕಿ. ಆದರೆ ಅರ್ಥದಲ್ಲಿ ಅಜಗಜಾಂತರ!

ಸಂಕೇತವನ್ನು ಹಾಕುವವರು ರೋಗಿಯನ್ನು ಪರೀಕ್ಷಿಸುವುದಿಲ್ಲ. ವೈದ್ಯರ ಬರಹವೇ ಅವರಿಗೆ ಆಧಾರ. 'ಹೊಟ್ಟೆಯ ಗೋಡೆಗೆ ಗಾಯ. ಹೊಲಿಗೆ ಹಾಕಿದೆ' ಎಂದಷ್ಟೇ ಬರೆದಿದ್ದರೆ ಅದು 'ಎಸ್ ೩೧.೧೦೯' ಎಂಬ ಗುಂಪಿಗೆ ಸೇರುತ್ತದೆ. ಆ ಗುಂಪಿನ ಅರ್ಥವೇನು? ಗಾಯದ ಬಗೆ ತಿಳಿಯದು, ಭಾಗ ತಿಳಿಯದು, ಆದರೆ ಒಳಪೊರೆಯನ್ನು ದಾಟಿಲ್ಲ! ವೈದ್ಯರು ಹೇಳದೆ ಬಿಟ್ಟದ್ದು ಇಲ್ಲಿ 'ಇಲ್ಲ' ಎಂಬ ಹೇಳಿಕೆಯಾಗಿ ಮಾರ್ಪಟ್ಟಿತು. ಸಂದೇಹ ಬಂದಾಗ ಊಹಿಸದೆ ವೈದ್ಯರನ್ನೇ ಕೇಳಬೇಕೆಂಬ ನಿಯಮದ ಮರ್ಮ ಇದೇ.

ಆದುದರಿಂದ ಗಾಯವು ಎಲ್ಲಿ, ಯಾವ ಬಗೆಯದು, ಎಷ್ಟು ಆಳ, ಒಳಗೆ ಏನಾದರೂ ಉಳಿದಿದೆಯೇ, ಚಿಕಿತ್ಸೆ ಯಾವ ಹಂತದಲ್ಲಿದೆ ಎಂಬ ಐದು ಸಂಗತಿಗಳನ್ನೂ ಬರೆದಿಡುವುದು ಅವಶ್ಯ. ಒಳಗಿನ ಅವಯವಕ್ಕೆ ಹಾನಿಯಾಗಿದ್ದರೆ ಅದಕ್ಕೆ ಬೇರೆಯೇ ಸಂಕೇತವುಂಟು. ಮುಂದೆ ಅದೇ ರೋಗಿಯನ್ನು ನೋಡುವ ಶಸ್ತ್ರವೈದ್ಯರಿಗೂ, ಇಂತಹ ಗಾಯಗಳು ಎಷ್ಟೆಂದು ಎಣಿಸಿ ರಕ್ತವನ್ನೂ ಶಸ್ತ್ರಚಿಕಿತ್ಸೆಯ ಸೌಕರ್ಯಗಳನ್ನೂ ಒದಗಿಸುವವರಿಗೂ ಆಧಾರವಾಗುವುದು ಆ ಬರಹವೇ. ಅಂಕಿಯು ತಾನಾಗಿ ಏನನ್ನೂ ಅರಿಯದು. ನೋಡಿದವರು ಬರೆದಷ್ಟನ್ನು ಮಾತ್ರ ಅದು ಹೇಳಬಲ್ಲದು.