ಜರೀಗಿಡಗಳ ತುಕ್ಕು: ಒಂದು ವಂಶಾವಳಿಯ ವಿಚಾರ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಹಿಂಬದಿಯ ಗೋಡೆಯ ಬಿರುಕಿನಲ್ಲಿ ಜರೀಗಿಡಗಳು ಹುಲುಸಾಗಿ ಬೆಳೆದಿದ್ದವು. ಎಂಟನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ಅದರದೊಂದು ಎಲೆಯನ್ನು ಕಿತ್ತು ತಂದು, ಅಡಿಯಲ್ಲಿ ಅಂಟಿದ್ದ ಕಂದು ಪುಡಿಯನ್ನು ತೋರಿಸಿ, "ಗುರುಗಳೇ, ಇದು ಭಂಡಾರ ರೋಗವೇ?" ಎಂದು ಕೇಳಿದನು. ಸಂಕ್ರಾಂತಿಗೆ ಊರಿಗೆ ಹೋದಾಗ ಅಜ್ಜನ ಹೊಲದಲ್ಲಿ ಗೋಧಿಗೆ ಬಿದ್ದ ತುಕ್ಕನ್ನು ಕಂಡಿದ್ದ ಹುಡುಗನವನು. ನಾವು ಎಲೆಯನ್ನು ಸರಿಯಾಗಿ ನೋಡದೆಯೇ "ಹೌದು" ಎಂದೆವು. ಅಷ್ಟಕ್ಕೇ ನಿಲ್ಲದೆ, "ಜರೀಗಿಡವು ಬಹು ಪುರಾತನವಾದುದು, ಆದುದರಿಂದ ಅದರ ತುಕ್ಕೂ ತುಕ್ಕುಗಳಲ್ಲೆಲ್ಲ ಮೊದಲಿನದು" ಎಂದೂ ಸೇರಿಸಿದೆವು. ಆಮೇಲೆ ಓದಿ ನೋಡಲಾಗಿ ನಮ್ಮ ಎರಡು ಮಾತುಗಳೂ ತಪ್ಪೆಂದು ತಿಳಿಯಿತು. ಆ ತಪ್ಪುಗಳನ್ನು ತಿದ್ದುವುದೇ ಈ ಲೇಖನದ ಉದ್ದೇಶ.

ಮೊದಲನೆಯ ತಪ್ಪನ್ನು ಸುಲಭವಾಗಿ ತಿದ್ದಬಹುದು. ಜರೀಗಿಡಕ್ಕೆ ಹೂವೂ ಇಲ್ಲ, ಬೀಜವೂ ಇಲ್ಲ. ಎಲೆಯ ಅಡಿಯಲ್ಲಿ ತೋರುವ ಕಂದು ಚುಕ್ಕೆಗಳು ಅಥವಾ ಅಂಚಿನ ಗೆರೆಗಳು ಅದರ ಬೀಜಾಣು ಚೀಲಗಳ ಗುಂಪುಗಳು. ಅದು ರೋಗವಲ್ಲ, ಸಂತಾನದ ಸಿದ್ಧತೆ. ಈ ಚುಕ್ಕೆಗಳ ಜೋಡಣೆಯಲ್ಲಿ ಒಂದು ಕ್ರಮವಿದ್ದು, ಎಲೆಯಿಂದ ಎಲೆಗೆ ಅದೇ ಕ್ರಮ ಮರುಕಳಿಸುತ್ತದೆ. ತುಕ್ಕಿನ ಬೊಕ್ಕೆಗಳಾದರೋ ಕ್ರಮವಿಲ್ಲದೆ ಏಳುತ್ತವೆ. ಅಲ್ಲಿ ಎಲೆಯು ಹಳದಿಯಾಗಿ ಕ್ರಮೇಣ ಒಣಗುತ್ತದೆ. ವಿಚಿತ್ರವೆಂದರೆ, ಜರಿಯ ತುಕ್ಕುಗಳಲ್ಲಿ ಹಲವಕ್ಕೆ ತುಕ್ಕಿನ ಬಣ್ಣವೇ ಇಲ್ಲ. ಅವುಗಳ ಪುಡಿ ಬಿಳಿಯದು.

ಎರಡನೆಯ ತಪ್ಪನ್ನು ತಿದ್ದಲು ಸ್ವಲ್ಪ ಹಿಂದಿನಿಂದ ಬರಬೇಕು. ತುಕ್ಕು ಶಿಲೀಂಧ್ರಗಳು ಪರೋಪಜೀವಿಗಳು. ನಿಸರ್ಗದಲ್ಲಿ ಅವು ಜೀವಂತ ಸಸ್ಯದ ಕೋಶಗಳಿಂದಲೇ ಆಹಾರವನ್ನು ಹೀರಿ ಬೆಳೆಯುತ್ತವೆ. ಇವುಗಳಲ್ಲಿ ಸುಮಾರು 8000 ಪ್ರಭೇದಗಳಿವೆ; ಇವೆಲ್ಲವನ್ನೂ ಪುಕ್ಸಿನಿಯೇಲಿಸ್ ಎಂಬ ಒಂದೇ ಗಣದಲ್ಲಿ ಸೇರಿಸಿದ್ದಾರೆ. ಒಂದೇ ತುಕ್ಕು ತನ್ನ ಜೀವನಚಕ್ರದಲ್ಲಿ ಐದು ಬಗೆಯ ಬೀಜಾಣುಗಳನ್ನು ಹುಟ್ಟಿಸುವುದುಂಟು. ಅನೇಕ ತುಕ್ಕುಗಳಿಗೆ ಎರಡು ಮನೆಗಳು ಬೇಕು. ಗೋಧಿಯ ಕಾಂಡದ ಮೇಲೆ ಬೆಳೆಯುವ ತುಕ್ಕು ತನ್ನ ಬಾಳಿನ ಇನ್ನೊಂದು ಭಾಗವನ್ನು ಬಾರ್ಬೆರಿ ಎಂಬ ಮುಳ್ಳುಪೊದೆಯ ಮೇಲೆ ಕಳೆಯುತ್ತದೆಂಬುದನ್ನು ಜರ್ಮನಿಯ ಆಂಟನ್ ಡಿ ಬಾರಿಯವರು 1865ರಲ್ಲಿ ಪ್ರಯೋಗದಿಂದ ತೋರಿಸಿಕೊಟ್ಟರು.

ಜರಿಯ ತುಕ್ಕುಗಳಲ್ಲಿ ಯುರೆಡಿನಾಪ್ಸಿಸ್, ಮಿಲೆಸಿನಾ, ಹಯಲಾಪ್ಸೊರಾ ಎಂಬ ಮೂರು ಜಾತಿಗಳು ಪ್ರಸಿದ್ಧವಾದುವು. ಇವುಗಳ ಎರಡನೆಯ ಮನೆ ಸೂಜಿಯಂಥ ಎಲೆಗಳುಳ್ಳ ಫರ್ ಮರ. ಫರ್ ಮರಗಳು ನಮ್ಮ ಸಹ್ಯಾದ್ರಿಯಲ್ಲಿಲ್ಲ. ಯುರೋಪ್, ಉತ್ತರ ಅಮೆರಿಕ, ಜಪಾನ್, ಹಿಮಾಲಯ ಮೊದಲಾದ ತಂಪು ಸೀಮೆಗಳಲ್ಲಿ ಬೆಳೆಯುತ್ತವೆ. ವಸಂತದಲ್ಲಿ ಫರ್ ಮರದ ಎಳೆಯ ಎಲೆಗಳಿಗೆ ಸೋಂಕು ತಗಲುತ್ತದೆ. ಅಲ್ಲಿ ಹುಟ್ಟಿದ ಬೀಜಾಣುಗಳು ಗಾಳಿಯಲ್ಲಿ ತೇಲಿ ಜರಿಯನ್ನು ಸೇರುತ್ತವೆ. ಬೇಸಗೆಯಲ್ಲಿ ರೋಗವು ಜರಿಯಿಂದ ಜರಿಗೆ ಹಬ್ಬುತ್ತದೆ. ಕೊನೆಗೆ ಜರಿಯ ಎಲೆಯೊಳಗೇ ಇನ್ನೊಂದು ಬಗೆಯ ಬೀಜಾಣುಗಳು ಹುಟ್ಟಿ ಚಳಿಗಾಲವನ್ನು ಕಳೆದು, ಮರುವಸಂತದಲ್ಲಿ ಮೊಳೆತು, ಫರ್ ಮರಕ್ಕೆ ಮರಳುವ ಸೋಂಕನ್ನು ಕಳುಹಿಸುತ್ತವೆ. ಅಮೆರಿಕದ ಜೋಸೆಫ್ ಫಾಲ್ ಎಂಬ ವಿದ್ವಾಂಸರು ಇಂಥ ತುಕ್ಕುಗಳ ಅಧ್ಯಯನದಲ್ಲಿ ಬಹುಕಾಲ ಶ್ರಮಿಸಿ 1932ರಲ್ಲಿ ಮಿಲೆಸಿನಾ ಗುಂಪಿನ ಮೇಲೂ 1938ರಲ್ಲಿ ಯುರೆಡಿನಾಪ್ಸಿಸ್ ಮೇಲೂ ವಿಸ್ತಾರವಾದ ಗ್ರಂಥಗಳನ್ನು ಪ್ರಕಟಿಸಿದರು.

ಆ ಕಾಲದ ಅನೇಕ ವಿದ್ವಾಂಸರು ಹೀಗೆ ತರ್ಕಿಸಿದರು: ಜರಿಯ ವಂಶವು 35 ಕೋಟಿ ವರ್ಷಗಳಿಗೂ ಹಿಂದಿನದು, ಹೂಬಿಡುವ ಸಸ್ಯಗಳು ಬಹಳ ಈಚಿನವು. ಪರೋಪಜೀವಿಯು ತನ್ನ ಆಶ್ರಯದಾತನೊಡನೆ ಕೂಡಿಯೇ ವಿಕಾಸಗೊಳ್ಳುತ್ತದೆ. ಆದುದರಿಂದ ಜರಿಯ ತುಕ್ಕೇ ಎಲ್ಲ ತುಕ್ಕುಗಳ ಹಿರಿಯ. ಇದಕ್ಕೆ ಇನ್ನೊಂದು ಆಧಾರವೂ ಇತ್ತು. ಗೋಧಿಯ ತುಕ್ಕಿನ ಚಳಿಗಾಲದ ಬೀಜಾಣುವಿಗೆ ದಪ್ಪನೆಯ ಕಪ್ಪುಗಂದು ಗೋಡೆಯೂ ತೊಟ್ಟೂ ಇವೆ. ಜರಿಯ ಈ ಮೂರು ತುಕ್ಕುಗಳಲ್ಲಾದರೋ ಅಂಥ ಬೀಜಾಣುಗಳು ತೆಳುವಾಗಿ, ಬಣ್ಣವಿಲ್ಲದೆ, ತೊಟ್ಟಿಲ್ಲದೆ ಇರುತ್ತವೆ. ಸರಳವಾದುದೇ ಮೊದಲಿನದೆಂದು ಭಾವಿಸಲಾಯಿತು. ನಾವು ಹುಡುಗನಿಗೆ ಹೇಳಿದ್ದು ಈ ಹಳೆಯ ಮಾತನ್ನೇ.

ತರ್ಕವು ಸೊಗಸಾಗಿದೆ, ಆದರೆ ಅದರಲ್ಲೊಂದು ಬಿರುಕಿದೆ. ಈ ನಗರದಲ್ಲಿ ನೂರು ವರ್ಷದ ಹಳೆಯ ಚಾಳುಗಳಿವೆ. ಅಂಥ ಚಾಳಿನ ಕೋಣೆಯಲ್ಲಿ ವಾಸಿಸುವವನು ಹೋದ ತಿಂಗಳು ಊರಿನಿಂದ ಬಂದವನಾಗಿರಬಹುದು. ಮನೆಯ ವಯಸ್ಸಿನಿಂದ ಬಾಡಿಗೆದಾರನ ವಯಸ್ಸನ್ನು ಎಣಿಸಲಾದೀತೆ? ಸರಳತೆಯ ಮಾತೂ ಹಾಗೆಯೇ. ಅದು ಆರಂಭದ ಗುರುತಾಗಿರಬಹುದು, ಒಮ್ಮೆ ಇದ್ದುದನ್ನು ಕಾಲಾಂತರದಲ್ಲಿ ಕಳೆದುಕೊಂಡ ಗುರುತೂ ಆಗಿರಬಹುದು. ಹೊರರೂಪವೊಂದರಿಂದಲೇ ಇದನ್ನು ನಿರ್ಣಯಿಸಲಾಗದು.

ನಿರ್ಣಯಕ್ಕೆ ನೆರವಾದುದು ಜೀವಕೋಶದೊಳಗಿನ ಡಿ.ಎನ್.ಎ. ಎಂಬ ವಂಶಲಿಪಿ. 1999ರಲ್ಲಿ ಜಪಾನಿನ ಸಂಶೋಧಕರೂ ಅವರ ಸಂಗಡಿಗರೂ ಜರಿಯ ತುಕ್ಕುಗಳ ಈ ಲಿಪಿಯನ್ನು ಇತರ ತುಕ್ಕುಗಳದರೊಡನೆ ಹೋಲಿಸಿ, ಜರಿಯ ತುಕ್ಕುಗಳು ಮೂಲಪುರುಷರಲ್ಲವೆಂದು ಕಂಡರು. 2006ರಲ್ಲಿ ಅಮೆರಿಕದ ಕ್ಯಾಥರೀನ್ ಏಮ್ ಅವರು ಇನ್ನೂ ಹೆಚ್ಚಿನ ತುಕ್ಕುಗಳನ್ನು ಹೋಲಿಸಿದಾಗಲೂ ಜರಿಯ ತುಕ್ಕುಗಳು ವಂಶವೃಕ್ಷದ ಬುಡದಲ್ಲಿ ಕಾಣಲಿಲ್ಲ, ನಡುಗೊಂಬೆಗಳಲ್ಲಿ ಕಂಡವು. 2016ರಲ್ಲಿ ಪ್ರಕಟವಾದ ಒಂದು ಗಣನೆಯಂತೆ ಇಂದಿನ ತುಕ್ಕುಗಳೆಲ್ಲವುಗಳ ಸಮಾನ ಪೂರ್ವಜ ಬಾಳಿದುದು ಸುಮಾರು 11 ಕೋಟಿ 30 ಲಕ್ಷದಿಂದ 11 ಕೋಟಿ 50 ಲಕ್ಷ ವರ್ಷಗಳ ಹಿಂದೆ, ಅದೂ ಹೂಬಿಡುವ ಸಸ್ಯವೊಂದರ ಮೇಲೆ. ಹಾಗಿದ್ದರೆ ಜರಿಯ ವಂಶವು ಅದಕ್ಕಿಂತ ಎಷ್ಟೋ ಹಿಂದಿನದಾಯಿತು. ತುಕ್ಕು ಆ ಹಳೆಯ ಮನೆಗೆ ತಡವಾಗಿ ಬಂದ ಬಾಡಿಗೆದಾರನಾಯಿತು.

ಹಾಗಾದರೆ ಬುಡದ ಸಮೀಪದಲ್ಲಿ ಯಾವುವಿವೆ? ಕನ್ನಡಿಗರಿಗೆ ಕೌತುಕವೆನಿಸುವ ಸಂಗತಿ ಇಲ್ಲಿದೆ. ಬಹು ಮೊದಲೇ ಕವಲೊಡೆದ ಶಾಖೆಗಳಲ್ಲೊಂದಕ್ಕೆ ಸೇರಿದುದು ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್, ಎಂದರೆ ಕಾಫಿಯ ಎಲೆತುಕ್ಕು! ಸಿಂಹಳದಲ್ಲಿ ಕಾಣಿಸಿಕೊಂಡ ಈ ರೋಗಕ್ಕೆ 1869ರಲ್ಲಿ ಹೆಸರಿಡಲಾಯಿತು. ಮುಂದೆ ಅದು ಅಲ್ಲಿಯ ಕಾಫಿ ಬೆಳೆಯನ್ನೇ ಹಾಳುಗೆಡವಿತು. ಕೊಡಗು, ಚಿಕ್ಕಮಗಳೂರುಗಳ ತೋಟದವರು ಎಲೆಯಡಿಯ ಆ ಕಿತ್ತಳೆ ಪುಡಿಯನ್ನು ಚೆನ್ನಾಗಿ ಬಲ್ಲರು. ಹಿರಿಯ ಶಾಖೆಯನ್ನು ಪುರಾತನ ಜರಿಯಲ್ಲಿ ಹುಡುಕುತ್ತಿದ್ದಾಗ ಅದು ಹೂಬಿಡುವ ಕಾಫಿಗಿಡದಲ್ಲಿ ದೊರೆಯಿತು.

ಈ ತಿಳಿವಳಿಕೆಯಿಂದ ವರ್ಗೀಕರಣವೂ ಬದಲಾಯಿತು. 2021ರಲ್ಲಿ ಏಮ್ ಮತ್ತು ಮ್ಯಾಕ್‌ಟ್ಯಾಗರ್ಟ್ ಎಂಬವರು ತುಕ್ಕುಗಳ ಗಣವನ್ನು 7 ಉಪಗಣಗಳಾಗಿಯೂ 18 ಕುಟುಂಬಗಳಾಗಿಯೂ ವಿಂಗಡಿಸಿದರು. ಮಿಲೆಸಿನಾ, ಯುರೆಡಿನಾಪ್ಸಿಸ್‌ಗಳು ಮಿಲೆಸಿನೇಸಿ ಎಂಬ ಹೊಸ ಕುಟುಂಬವನ್ನು ಸೇರಿದುವು. ಫರ್ ಮರವನ್ನೇ ಒಂದು ಮನೆಯಾಗಿಸಿಕೊಂಡು ಜರಿಗೆ ಬದಲಾಗಿ ಹೂಗಿಡವನ್ನು ಇನ್ನೊಂದು ಮನೆಯಾಗಿಸಿಕೊಂಡ ತುಕ್ಕುಗಳು ಇವುಗಳ ಬಂಧುಗಳು. ಅಮೆರಿಕದ ಉಷ್ಣಸೀಮೆಯ ಜರಿಗಳ ಮೇಲೆ ಬೆಳೆಯುವ ಡೆಸ್ಮೆಲ್ಲಾ ಮಾತ್ರ ಈ ಬಳಗಕ್ಕೆ ಸೇರಿದುದಲ್ಲ. ಎಂದರೆ, ತುಕ್ಕುಗಳು ಜರಿಯ ಮನೆಯನ್ನು ಹೊಕ್ಕುದು ಒಂದೇ ಸಲವಲ್ಲ. "ಜರಿಯ ತುಕ್ಕು" ಎಂಬುದು ವಾಸಸ್ಥಳದ ಹೆಸರೇ ಹೊರತು ವಂಶದ ಹೆಸರಲ್ಲ.

ವಿದ್ಯಾರ್ಥಿಗಳೇ, ಹಿಂದಿನ ವಿದ್ವಾಂಸರನ್ನು ಹಗುರವಾಗಿ ಕಾಣಬೇಡಿರಿ. ಅವರು ಬರಿಯ ಸೂಕ್ಷ್ಮದರ್ಶಕದಿಂದ ಗುರುತಿಸಿದ ಮಿಲೆಸಿನಾ, ಯುರೆಡಿನಾಪ್ಸಿಸ್‌ಗಳ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಬದಲಾದುದು ಅವುಗಳ ಸ್ಥಾನ ಮಾತ್ರ. ಅವರು ಕಂಡುದನ್ನು ಆಧರಿಸಿ ತಪ್ಪಿದರು. ನಾವು ಕಾಣದೆಯೇ ತಪ್ಪಿದೆವು. ಈ ಎರಡು ತಪ್ಪುಗಳು ಸಮಾನವಲ್ಲ. ಆ ಹುಡುಗನನ್ನು ಮರಳಿ ಕರೆದು ವಿಷಯವನ್ನು ತಿಳಿಸಿದೆವು. ಅವನು ಅದೇ ಎಲೆಯನ್ನು ವಹಿಯಲ್ಲಿ ಅಂಟಿಸಿ, ಕೆಳಗೆ "ರೋಗವಲ್ಲ" ಎಂದು ಬರೆದಿಟ್ಟಿದ್ದಾನೆ. ಬರುವ ಮಳೆಗಾಲದಲ್ಲಿ ಗೋಡೆಯ ಜರಿ ಮತ್ತೆ ಚಿಗುರುವುದು. ನೀವೂ ಎಲೆಯನ್ನು ಮಗುಚಿ ನೋಡಿರಿ. ಹೆಸರನ್ನು ಆಮೇಲೆ ಹೇಳಿರಿ.