ಗುಳೆ ಹೊರಡುವ ಮುನ್ನ

ಮಳೆ ಕೈಕೊಟ್ಟ ವರ್ಷ ಅರಸೀಕೆರೆ, ಹರಪನಹಳ್ಳಿ, ಕೂಡ್ಲಿಗಿ ಸೀಮೆಯ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ದೂರದ ಕಬ್ಬಿನ ಗದ್ದೆಗೋ ಗುಳೆ ಹೋಗುತ್ತವೆ. ಗಂಟುಮೂಟೆಯ ಜೊತೆ ಕಾನೂನಿನ ಅರಿವೂ ಒಂದಿಷ್ಟು ಹೋಗಬೇಕು.

ಮೊದಲು ಹೆಣ್ಣಾಳಿನ ಕೂಲಿ. ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೊಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಆದರೂ ದಂಪತಿಗೆ ಜೋಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು, ಗಂಡನ ಹೆಸರನ್ನಷ್ಟೇ ಬರೆದುಕೊಳ್ಳುವ ಮೇಸ್ತ್ರಿಗಳಿದ್ದಾರೆ. ಆಗ ಹೆಂಡತಿಯ ದುಡಿಮೆಗೆ ದಾಖಲೆಯೇ ಉಳಿಯದು. ಅವಳ ಹೆಸರು, ಅವಳ ಕೂಲಿ ಬೇರೆಯಾಗಿಯೇ ಬರೆಸಬೇಕು.

ದಿನಗೂಲಿ ಆ ದಿನದ ಪಾಳಿ ಮುಗಿದಾಗಲೇ ಕೈಸೇರಬೇಕು. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಬಾಕಿಗಾಗಿ ಅರ್ಜಿ ಹಾಕಲು ಮೂರು ವರ್ಷದ ಅವಕಾಶವಿದೆ. ಹಾಜರಿ, ಮುಂಗಡ, ಓಟಿ ಬರೆದಿಟ್ಟ ಸಣ್ಣ ನೋಟ್‌ಬುಕ್ಕೇ ಆಗ ಸಾಕ್ಷಿ.

18ರಿಂದ 60 ವಯಸ್ಸಿನವರು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಹೆರಿಗೆ, ಮಕ್ಕಳ ಓದು, ಅಪಘಾತದ ನೆರವಿಗೆ ಆ ಕಾರ್ಡೇ ಆಧಾರ. ದುಡಿಯುವ ಹೆಂಡತಿಗೂ ತನ್ನದೇ ಕಾರ್ಡ್ ಇರಲಿ.

ಒಂಟಿಯಾಗಿ ಕೇಳಲು ಅಂಜಿಕೆ ಸಹಜ. ಕನಿಷ್ಠ ಏಳು ಮಂದಿ ಸೇರಿ ಸಂಘದ ನೋಂದಣಿಗೆ ಅರ್ಜಿ ಹಾಕುವ ಹಾದಿಯನ್ನು 1926ರ ಕಾಯ್ದೆಯೇ ತೆರೆದಿತ್ತು. ದಾವಣಗೆರೆಯಲ್ಲಿದ್ದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ್ದರಿಂದ ಯಾವ ಕಚೇರಿಗೆ ಹೋಗಬೇಕೆಂದು ತಡಕಾಡುವವರು ಕಾರ್ಮಿಕ ಇಲಾಖೆಯ ಸಹಾಯವಾಣಿ 155214ಕ್ಕೆ ಕರೆಮಾಡಿ ವಿಚಾರಿಸಬಹುದು.